ಸ್ಪ್ಯಾನಿಷ್ ವರ್ತಮಾನಕಾಲ: ನಿಯಮ ಮುರಿಯುವ, ಗೊಂದಲ ಮಾಡುವ ಕ್ರಿಯಾಪದಗಳನ್ನು ಕಲಿಯುವ ಕ್ರಮ

ಸ್ಪ್ಯಾನಿಷ್ ಕಲಿಯಲು ಶುರು ಮಾಡಿದವರು ಮತ್ತೆ ಮತ್ತೆ ಕೇಳುವುದು ಎರಡೇ ಪ್ರಶ್ನೆ. ಒಂದು, "ಕ್ರಿಯಾಪದಗಳ ಪಟ್ಟಿ ಪೂರ್ತಿ ಬಾಯಿಪಾಠ ಮಾಡಿದ್ದೀನಿ, ಮಾತಾಡಲು ಹೋದರೆ ಒಂದೂ ನೆನಪಿಗೆ ಬರಲ್ಲ, ಏನು ಮಾಡಲಿ?" ಇನ್ನೊಂದು, "ಸೇರ್ ಯಾವಾಗ, ಎಸ್ತಾರ್ ಯಾವಾಗ?" ಇವೆರಡೂ 'ಇರು' ಎಂಬ ಅರ್ಥದ ಕ್ರಿಯಾಪದಗಳು. ಕೆಲಸಕ್ಕೆಂದು ಬೆಂಗಳೂರಿನಲ್ಲಿ ಕಲಿಯುತ್ತಿರುವವರೂ ಇದನ್ನೇ ಕೇಳುತ್ತಾರೆ. ಅಮೆರಿಕದಲ್ಲಿ ಮಕ್ಕಳ ಹೋಂವರ್ಕ್ ಜೊತೆ ತಾವೂ ಕಲಿಯುತ್ತಿರುವ ಅಪ್ಪ-ಅಮ್ಮಂದಿರೂ ಇದನ್ನೇ ಕೇಳುತ್ತಾರೆ.

ನಮ್ಮ ಕೈಗೆ ಸಿಗುವ ಪುಸ್ತಕಗಳಲ್ಲಿ ಹೆಚ್ಚಿನವು ಇಂಗ್ಲಿಷ್ ಮಾತಾಡುವವರಿಗಾಗಿ ಬರೆದವು. ನಾವು ಅವುಗಳ ಮೂಲಕ ಹೋಗಿ, ಕನ್ನಡವನ್ನು ಇಂಗ್ಲಿಷ್ ಮಾಡಿ, ಇಂಗ್ಲಿಷನ್ನು ಸ್ಪ್ಯಾನಿಷ್ ಮಾಡುತ್ತೇವೆ. ಅದು ಸುತ್ತು ದಾರಿ. ಕ್ರಿಯಾಪದದ ವಿಷಯದಲ್ಲಂತೂ ಕನ್ನಡವೇ ಸ್ಪ್ಯಾನಿಷ್‌ಗೆ ಹತ್ತಿರ. "ಮಾಡುತ್ತೇನೆ, ಮಾಡುತ್ತೀಯ, ಮಾಡುತ್ತಾಳೆ" ಎಂದಾಗ ಯಾರು ಮಾಡುವುದು ಎಂದು ಬೇರೆ ಹೇಳಬೇಕಿಲ್ಲ, ಅಲ್ವಾ? ಸ್ಪ್ಯಾನಿಷ್ ಕೂಡ ಹಾಗೆಯೇ. ಅದಕ್ಕೇ ಈ ಲೇಖನದಲ್ಲಿ ಪರೀಕ್ಷೆಗಳೆಲ್ಲ ಕನ್ನಡದಿಂದಲೇ ಶುರುವಾಗುತ್ತವೆ.

ಮೊದಲು ಬೇಕಾಗುವುದು

ಒಂದು ನೋಟ್‌ಬುಕ್, ದನಿ ರೆಕಾರ್ಡ್ ಮಾಡಲು ಫೋನ್, ದಿನಕ್ಕೆ ಇಪ್ಪತ್ತು ನಿಮಿಷ. ಅನುಮಾನ ಬಂದಾಗ ನೋಡಲು ಸ್ಪೇನ್‌ನ ಭಾಷಾ ಅಕಾಡೆಮಿಯಾದ ರೆಆಲ್ ಅಕಾದೇಮಿಯ ಎಸ್ಪಾನ್ಯೋಲಾದ ಆನ್‌ಲೈನ್ ನಿಘಂಟು ಇಟ್ಟುಕೊಳ್ಳಿ. 1713ರಲ್ಲಿ ಹುಟ್ಟಿದ ಈ ಸಂಸ್ಥೆಯ ನಿಘಂಟು ಉಚಿತ. ಪ್ರತಿ ಕ್ರಿಯಾಪದದ ಎಲ್ಲ ರೂಪಗಳೂ ಅದರಲ್ಲಿ ಸಿಗುತ್ತವೆ.

ಪದಗಳ ಬಗ್ಗೆ ಎರಡು ಮಾತು. ಶಾಲೆಯ ಕನ್ನಡ ವ್ಯಾಕರಣದ ಹೆಸರುಗಳನ್ನೇ ಬಳಸುತ್ತೇನೆ. ಕ್ರಿಯಾಪದದ ಬದಲಾಗದ ಭಾಗ ಧಾತು, ಕೊನೆಗೆ ಸೇರುವುದು ಪ್ರತ್ಯಯ. ನಿಘಂಟಿನಲ್ಲಿ ಸಿಗುವ ರೂಪಕ್ಕೆ ಮೂಲರೂಪ ಅನ್ನೋಣ. ಅದು ಯಾವಾಗಲೂ ಆರ್, ಏರ್, ಈರ್ ಈ ಮೂರರಲ್ಲಿ ಒಂದರಿಂದ ಮುಗಿಯುತ್ತದೆ.

ಉಚ್ಚಾರಣೆ ಲ್ಯಾಟಿನ್ ಅಮೆರಿಕದ್ದು. ಒತ್ತು ಬೀಳುವ ಸ್ವರವನ್ನು ದೀರ್ಘವಾಗಿ ಬರೆದಿದ್ದೇನೆ. ಆ ದೀರ್ಘದ ಮೇಲೆ ಕಣ್ಣಿಡಿ, ಐದನೇ ಹಂತದಲ್ಲಿ ಪೂರ್ತಿ ಕೆಲಸ ಅದರದ್ದೇ. ತ, ದ ಎರಡನ್ನೂ ಕನ್ನಡದ ಹಾಗೆಯೇ ಹಲ್ಲಿಗೆ ನಾಲಗೆ ತಾಗಿಸಿ ಹೇಳಿ. ಇಂಗ್ಲಿಷಿನ ಹಾಗೆ ಟ, ಡ ಮಾಡಬೇಡಿ. ಪುಸ್ತಕದಲ್ಲಿ 'ವಿ' ಅಕ್ಷರ ಕಂಡರೂ ಬಾಯಲ್ಲಿ ಬ ಬರಬೇಕು.

1. ನಿಯಮ ಪಾಲಿಸುವವುಗಳನ್ನು ಗಟ್ಟಿ ಮಾಡಿಕೊಳ್ಳಿ

ನಿಯಮ ಗೊತ್ತಿಲ್ಲದಿದ್ದರೆ ಎಲ್ಲಿ ಮುರಿಯಿತು ಎಂದು ಕಾಣುವುದಿಲ್ಲ. ಮೂರು ಮಾದರಿ ಸಾಕು. ಕ್ರಮ ಹೀಗೆ: ನಾನು, ನೀನು, ಅವನು/ಅವಳು, ನಾವು, ಅವರು.

ಅಬ್ಲಾರ್ (ಮಾತಾಡು): ಆಬ್ಲೊ, ಆಬ್ಲಸ್, ಆಬ್ಲ, ಅಬ್ಲಾಮೊಸ್, ಆಬ್ಲನ್.
ಕೊಮೇರ್ (ತಿನ್ನು): ಕೋಮೊ, ಕೋಮೆಸ್, ಕೋಮೆ, ಕೊಮೇಮೊಸ್, ಕೋಮೆನ್.
ಬಿಬೀರ್ (ವಾಸಮಾಡು): ಬೀಬೊ, ಬೀಬೆಸ್, ಬೀಬೆ, ಬಿಬೀಮೊಸ್, ಬೀಬೆನ್.

'ನಾನು' ಎಂದರೆ ಕೊನೆಗೆ ಒ, 'ನೀನು' ಎಂದರೆ ಸ್, 'ಅವರು' ಎಂದರೆ ನ್. ನಿಯಮ ಮುರಿಯುವ ಕ್ರಿಯಾಪದಗಳಲ್ಲೂ ಈ ಗುರುತುಗಳು ಬಹುಪಾಲು ಉಳಿಯುತ್ತವೆ.

ಸ್ಪೇನ್‌ನಲ್ಲಿ ಸಲುಗೆಯ ಬಹುವಚನಕ್ಕೆ ಬೊಸೋತ್ರೊಸ್ ಎಂಬ ಆರನೇ ರೂಪವೂ ಇದೆ. ಮೆಕ್ಸಿಕೊ, ಕೊಲಂಬಿಯಾ, ಅರ್ಜೆಂಟೀನಾ ಕಡೆಯವರ ಜೊತೆ ಮಾತಾಡುವುದಾದರೆ ಸದ್ಯಕ್ಕೆ ಬಿಟ್ಟುಬಿಡಿ. ಅಲ್ಲಿ ಉಸ್ತೇದೆಸ್ (ನೀವೆಲ್ಲ) ಸಾಕು, ಅದಕ್ಕೆ 'ಅವರು' ರೂಪ.

ಎಚ್ಚರಿಕೆ: ಗೌರವದ 'ನೀವು' ಅಂದರೆ ಉಸ್ತೇದ್. ಅದಕ್ಕೆ 'ಅವನು/ಅವಳು' ರೂಪ ಹಾಕಬೇಕು, 'ನೀನು' ರೂಪ ಅಲ್ಲ. ದೊಡ್ಡವರ ಹತ್ತಿರ 'ಉಸ್ತೇದ್ ಆಬ್ಲಸ್' ಎನ್ನುವುದು ಕನ್ನಡದಲ್ಲಿ 'ನೀವು ಮಾತಾಡ್ತೀಯ' ಎಂದ ಹಾಗೆ. ಸರಿಯಾದದ್ದು ಉಸ್ತೇದ್ ಆಬ್ಲ.

2. ಐದು ಕ್ರಿಯಾಪದಗಳನ್ನು ಸುಮ್ನೆ ಬಾಯಿಪಾಠ ಮಾಡಿ

ಇವಕ್ಕೆ ನಿಯಮ ಹುಡುಕುತ್ತಾ ಕೂರಬೇಡಿ. ದಿನವಿಡೀ ಬೇಕಾಗುವ ಪದಗಳು ಇವು, ಬಳಸುತ್ತಾ ಬಳಸುತ್ತಾ ಕೂತುಕೊಳ್ಳುತ್ತವೆ.

ಸೇರ್: ಸೋಯ್, ಏರೆಸ್, ಏಸ್, ಸೋಮೊಸ್, ಸೋನ್.
ಎಸ್ತಾರ್: ಎಸ್ತೋಯ್, ಎಸ್ತಾಸ್, ಎಸ್ತಾ, ಎಸ್ತಾಮೊಸ್, ಎಸ್ತಾನ್.
ಈರ್ (ಹೋಗು): ಬೋಯ್, ಬಾಸ್, ಬಾ, ಬಾಮೊಸ್, ಬಾನ್.
ತೆನೇರ್ (ಹತ್ತಿರ ಇರು): ತೇಂಗೊ, ತ್ಯೇನೆಸ್, ತ್ಯೇನೆ, ತೆನೇಮೊಸ್, ತ್ಯೇನೆನ್.
ಆಯ್ (ಇದೆ, ಇವೆ): ಇದು ಒಂದೇ ರೂಪ. ಒಂದಿದ್ದರೂ ಆಯ್, ಹತ್ತಿದ್ದರೂ ಆಯ್.

ಈರ್‌ನ 'ಬಾ' ನಮ್ಮವರನ್ನು ವಿಶೇಷವಾಗಿ ಕಾಡುತ್ತದೆ. ಕಿವಿಗೆ 'ಬಾ' ಬಿದ್ದ ತಕ್ಷಣ ಮನಸ್ಸು ಕನ್ನಡದ ಬಾ ಎಂದೇ ತಿಳಿಯುತ್ತದೆ. ಇಲ್ಲಿ ಅದರ ಅರ್ಥ 'ಹೋಗುತ್ತಾನೆ'. ಒಂಟಿಯಾಗಿ ಕಲಿಯದೆ ವಾಕ್ಯದಲ್ಲೇ ಕಲಿಯಿರಿ: ಮರೀಅ ಬಾ ಅಲ್ ಮೆರ್ಕಾದೊ, ಮರಿಯಾ ಮಾರ್ಕೆಟ್‌ಗೆ ಹೋಗುತ್ತಾಳೆ.

3. 'ಇದೆ' ಎನ್ನುವುದನ್ನು ನಾಲ್ಕಾಗಿ ಬಿಡಿಸಿ

ಈ ಹಂತಕ್ಕೆ ಜಾಸ್ತಿ ಸಮಯ ಕೊಡಿ. ಕನ್ನಡದಲ್ಲಿ 'ಇದೆ' ಒಂದೇ ಪದ. ಕೆಲವು ಕಡೆ ಅದೂ ಬೇಕಾಗುವುದಿಲ್ಲ. ಸ್ಪ್ಯಾನಿಷ್‌ನಲ್ಲಿ ಆ ಜಾಗಗಳನ್ನು ಸೇರ್, ಎಸ್ತಾರ್, ಆಯ್, ತೆನೇರ್ ಹಂಚಿಕೊಂಡಿವೆ.

ಪುಸ್ತಕಗಳು ಸಾಮಾನ್ಯವಾಗಿ ಹೇಳುವುದು: ಶಾಶ್ವತವಾದದ್ದಕ್ಕೆ ಸೇರ್, ತಾತ್ಕಾಲಿಕಕ್ಕೆ ಎಸ್ತಾರ್. ಈ ಸೂತ್ರವನ್ನು ದಯವಿಟ್ಟು ನಂಬಬೇಡಿ. ಮದ್ರೀದ್ ಸ್ಪೇನ್‌ನಲ್ಲಿದೆ ಎನ್ನುವುದಕ್ಕಿಂತ ಶಾಶ್ವತ ಏನಿದೆ? ಆದರೂ ಅಲ್ಲಿ ಎಸ್ತಾ. ಸತ್ತಿದ್ದಾನೆ ಎನ್ನಲು ಎಸ್ತಾ ಮ್ವೇರ್ತೊ. ಸಾವು ತಾತ್ಕಾಲಿಕವೇ? ಇವತ್ತು ಸೋಮವಾರ ಎನ್ನುವುದು ಒಂದೇ ದಿನದ ಮಾತು, ಆದರೆ ಅಲ್ಲಿ ಏಸ್.

ಬದಲಿಗೆ ವಾಕ್ಯವನ್ನು ಮೊದಲು ಕನ್ನಡದಲ್ಲಿ ಹೇಳಿ ನೋಡಿ.

ಕ್ರಿಯಾಪದವೇ ಇಲ್ಲದೆ ಕನ್ನಡ ವಾಕ್ಯ ಮುಗಿದರೆ ಸೇರ್. "ನಾನು ಡಾಕ್ಟರ್": ಸೋಯ್ ಮೇದಿಕೊ. "ಅವಳು ಮೈಸೂರಿನವಳು": ಏಸ್ ದೆ ಮೈಸೂರು. "ಇವತ್ತು ಸೋಮವಾರ": ಓಯ್ ಏಸ್ ಲೂನೆಸ್.

ಇದ್ದೇನೆ, ಇದ್ದಾಳೆ, ಇದೆ ಸಹಜವಾಗಿ ಬಂದರೆ ಎಸ್ತಾರ್. "ನಾನು ಆಫೀಸಿನಲ್ಲಿದ್ದೇನೆ": ಎಸ್ತೋಯ್ ಎನ್ ಲ ಒಫಿಸೀನ. "ಸೂಪ್ ತಣ್ಣಗಿದೆ": ಲ ಸೋಪ ಎಸ್ತಾ ಫ್ರೀಅ. "ಬಾಗಿಲು ಮುಚ್ಚಿದೆ": ಲ ಪ್ವೇರ್ತ ಎಸ್ತಾ ಸೆರ್ರಾದ.

ಲೀಸ್ತೊ ಎಂಬ ಪದದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಏಸ್ ಲೀಸ್ತೊ ಎಂದರೆ 'ಅವನು ಜಾಣ'. ಎಸ್ತಾ ಲೀಸ್ತೊ ಎಂದರೆ 'ಅವನು ರೆಡಿ ಇದ್ದಾನೆ'. ಕನ್ನಡದಲ್ಲಿ ಒಂದಕ್ಕೆ ಕ್ರಿಯಾಪದ ಇಲ್ಲ, ಇನ್ನೊಂದಕ್ಕೆ ಇದೆ.

ಇನ್ನು ಆಯ್. ಇದಕ್ಕೂ ಎಸ್ತಾಗೂ ಇರುವ ವ್ಯತ್ಯಾಸವನ್ನು ಕನ್ನಡದ ಪದಕ್ರಮವೇ ತೋರಿಸುತ್ತದೆ. "ಫ್ರಿಜ್‌ನಲ್ಲಿ ಹಾಲು ಇದೆ" ಎಂದರೆ ಇರುವ ಸುದ್ದಿ ಹೇಳುತ್ತಿದ್ದೀರಿ: ಆಯ್ ಲೇಚೆ ಎನ್ ಲ ನೆಬೇರ. "ಹಾಲು ಫ್ರಿಜ್‌ನಲ್ಲಿದೆ" ಎಂದರೆ ಯಾವ ಹಾಲು ಎಂದು ಇಬ್ಬರಿಗೂ ಗೊತ್ತು, ಎಲ್ಲಿ ಎಂದಷ್ಟೇ ಹೇಳುತ್ತಿದ್ದೀರಿ: ಲ ಲೇಚೆ ಎಸ್ತಾ ಎನ್ ಲ ನೆಬೇರ. ಜಾಗ ಮೊದಲು ಬಂದರೆ ಆಯ್, ವಸ್ತು ಮೊದಲು ಬಂದರೆ ಎಸ್ತಾ. ಹೆಚ್ಚಿನ ಸಂದರ್ಭದಲ್ಲಿ ಈ ಗುರುತು ಕೆಲಸ ಮಾಡುತ್ತದೆ.

'ನನ್ನ ಹತ್ತಿರ ಇದೆ', 'ನನಗೆ ಇದೆ' ಎಂದಾಗ, ಕೊನೆಯ 'ಇದೆ' ಬಿಟ್ಟು ಹೇಳಿದರೂ, ತೆನೇರ್. "ನನಗೆ ಇಬ್ಬರು ಮಕ್ಕಳಿದ್ದಾರೆ": ತೇಂಗೊ ದೋಸ್ ಈಹೊಸ್. "ನನಗೆ ಹಸಿವು": ತೇಂಗೊ ಆಂಬ್ರೆ. "ನನಗೆ ಜ್ವರ": ತೇಂಗೊ ಫ್ಯೇಬ್ರೆ. ವಯಸ್ಸಿಗೂ ಇದೇ. ನಾವು "ನನಗೆ ಇಪ್ಪತ್ತು ವರ್ಷ" ಎನ್ನುವ ಕಡೆ ಅವರು ತೇಂಗೊ ಬೇಯ್ನ್ತೆ ಆನ್ಯೊಸ್ ಎನ್ನುತ್ತಾರೆ. ಇಂಗ್ಲಿಷ್ ಮೂಲಕ ಹೋದವರು ಹಸಿವು, ವಯಸ್ಸಿನ ಕಡೆ ಸೋಯ್ ಹಾಕಿ ತಪ್ಪು ಮಾಡುತ್ತಾರೆ.

ಎಲ್ಲಿ ಈ ಪರೀಕ್ಷೆ ಕೈಕೊಡುತ್ತದೆ ಎನ್ನುವುದನ್ನೂ ಹೇಳಬೇಕು. ಮೂರು ಜಾಗ ಬರೆದಿಟ್ಟುಕೊಳ್ಳಿ. ಒಂದು, ಕಾರ್ಯಕ್ರಮಗಳು. "ಮೀಟಿಂಗ್ ನಾಳೆ ಇದೆ" ಎಂದು ನಾವು ಹೇಳಿದರೂ ಅವರಿಗೆ ಅದು ಲ ರೆಉನ್ಯೋನ್ ಏಸ್ ಮನ್ಯಾನ. ಎಲ್ಲಿ ನಡೆಯುತ್ತದೆ ಎನ್ನಲೂ ಏಸ್. ಎರಡು, ಲೆಕ್ಕ. "ನಾವು ನಾಲ್ಕು ಜನ ಇದ್ದೇವೆ" ಎನ್ನಲು ಸೋಮೊಸ್ ಕ್ವಾತ್ರೊ. ಮೂರು, ರೂಪ-ಗುಣ. "ಅವಳು ಎತ್ತರ ಇದ್ದಾಳೆ" ಎಂದು ನಾವು ಸಲೀಸಾಗಿ ಹೇಳುತ್ತೇವೆ, ಸ್ಪ್ಯಾನಿಷ್‌ನಲ್ಲಿ ಏಸ್ ಆಲ್ತ. ಇಲ್ಲಿ 'ಇದ್ದಾಳೆ' ತೆಗೆದು "ಅವಳು ಎತ್ತರ" ಎಂದರೂ ವಾಕ್ಯ ನಿಲ್ಲುತ್ತದೆಯಲ್ಲ, ಹಾಗೆ ನಿಂತರೆ ಸೇರ್ ಕಡೆಗೇ ವಾಲಿ.

ಜೊತೆಗೇ ಗುಸ್ತಾರ್ ಕಲಿತುಬಿಡಿ. "ನನಗೆ ಕಾಫಿ ಇಷ್ಟ" ಎಂದರೆ ಮೆ ಗೂಸ್ತ ಎಲ್ ಕಫೇ. ಇಷ್ಟವಾಗುವುದು ಹಲವಾದರೆ ಮೆ ಗೂಸ್ತನ್: ಮೆ ಗೂಸ್ತನ್ ಲೊಸ್ ಮಾಂಗೊಸ್. ಮೆ ಅಂದರೆ 'ನನಗೆ'. ತಲೆನೋವಿಗೂ ಇದೇ ರಚನೆ, ಮೆ ದ್ವೇಲೆ ಲ ಕಬೇಸ. ಇಂಗ್ಲಿಷ್‌ನವರಿಗೆ ತಿಂಗಳುಗಟ್ಟಲೆ ತಲೆಕೆಡಿಸುವ ಪಾಠ ಇದು, ನಿಮಗೆ ಒಂದು ಸಂಜೆ ಸಾಕು.

4. 'ನಾನು' ಮಾತ್ರ ಹಳಿ ತಪ್ಪುವ ಗುಂಪು

ಇಲ್ಲಿ 'ನಾನು' ರೂಪವೊಂದನ್ನು ಕಲಿತರೆ ಬಹುಪಾಲು ಮುಗಿಯಿತು.

'ಗೊ' ಸೇರುವವು: ಅಸೇರ್ (ಮಾಡು) ಆಗೊ, ಪೊನೇರ್ (ಇಡು) ಪೋಂಗೊ, ಸಲೀರ್ (ಹೊರಡು) ಸಾಲ್ಗೊ, ತ್ರ-ಏರ್ (ತರು) ತ್ರಾಯ್ಗೊ, ಕ-ಏರ್ (ಬೀಳು) ಕಾಯ್ಗೊ. ಉಳಿದ ರೂಪಗಳು ಮಾಮೂಲಿ: ಆಸೆಸ್, ಆಸೆ, ಅಸೇಮೊಸ್, ಆಸೆನ್.

'ಸ್ಕೊ' ಸೇರುವವು: ಕೊನೊಸೇರ್ (ಪರಿಚಯವಿರು) ಕೊನೋಸ್ಕೊ, ತ್ರದುಸೀರ್ (ಅನುವಾದಿಸು) ತ್ರದೂಸ್ಕೊ, ಅಗ್ರದೆಸೇರ್ (ಧನ್ಯವಾದ ಹೇಳು) ಅಗ್ರದೇಸ್ಕೊ. ಸ್ವರದ ನಂತರ 'ಸೇರ್' ಅಥವಾ 'ದುಸೀರ್' ಎಂದು ಮುಗಿಯುವ ಹೆಚ್ಚಿನವು ಈ ಗುಂಪಿಗೆ ಸೇರುತ್ತವೆ. ಆದರೆ ಅಸೇರ್ ಸೇರುವುದಿಲ್ಲ.

ಒಂಟಿ ರೂಪಗಳು: ಸಬೇರ್ (ಗೊತ್ತಿರು) ಸೇ, ದಾರ್ (ಕೊಡು) ದೋಯ್, ಬೇರ್ (ನೋಡು) ಬೇ-ಒ.

ಕೆಲವದರಲ್ಲಿ ಸದ್ದು ಹಾಗೇ ಇದ್ದು ಸ್ಪೆಲ್ಲಿಂಗ್ ಮಾತ್ರ ಬದಲಾಗುತ್ತದೆ. ಬರೆಯುವಾಗ ನೋಡಿಕೊಂಡರಾಯಿತು. ಅಂಥವುಗಳಲ್ಲಿ ಒಂದಾದ ಕೊಹೇರ್ ಬಗ್ಗೆ ಮಾತ್ರ ಹುಷಾರು. ಸ್ಪೇನ್‌ನಲ್ಲಿ 'ಬಸ್ ಹಿಡಿ' ಎನ್ನಲು ಅದು ಮಾಮೂಲಿ ಪದ. ಮೆಕ್ಸಿಕೊ, ಅರ್ಜೆಂಟೀನಾ ಕಡೆ ಅದು ಅಶ್ಲೀಲ. ಅಲ್ಲಿ ತೊಮಾರ್ ಎನ್ನಿ.

5. ಒತ್ತು ಎಲ್ಲಿ ಬೀಳುತ್ತದೆ ಎಂದು ಕೇಳಿಸಿಕೊಳ್ಳಿ

ಈ ಗುಂಪನ್ನು ನೋಡಿದರೆ ಯಾರಿಗಾದರೂ ಭಯ ಆಗುತ್ತದೆ. ಧಾತುವೇ ಬದಲಾಗುತ್ತದೆ, ಅದೂ ಕೆಲವು ರೂಪಗಳಲ್ಲಿ ಮಾತ್ರ.

ಕೆರೇರ್ (ಬೇಕು, ಬಯಸು): ಕ್ಯೇರೊ, ಕ್ಯೇರೆಸ್, ಕ್ಯೇರೆ, ಕೆರೇಮೊಸ್, ಕ್ಯೇರೆನ್.
ಪೊದೇರ್ (ಆಗುತ್ತದೆ, ಸಾಧ್ಯ): ಪ್ವೇದೊ, ಪ್ವೇದೆಸ್, ಪ್ವೇದೆ, ಪೊದೇಮೊಸ್, ಪ್ವೇದೆನ್.
ಪೆದೀರ್ (ಕೇಳಿ ಪಡೆ): ಪೀದೊ, ಪೀದೆಸ್, ಪೀದೆ, ಪೆದೀಮೊಸ್, ಪೀದೆನ್.

ದೀರ್ಘ ಎಲ್ಲಿದೆ ನೋಡಿ. ಧಾತುವಿನ ಮೇಲೆ ಒತ್ತು ಬಿದ್ದ ಕಡೆ ಸ್ವರ ಬದಲಾಗಿದೆ. 'ನಾವು' ರೂಪದಲ್ಲಿ ಒತ್ತು ಪ್ರತ್ಯಯಕ್ಕೆ ಜಾರಿದೆ, ಅಲ್ಲಿ ಧಾತು ಹಾಗೇ ಉಳಿದಿದೆ. ಈ ಗುಂಪಿಗೆಲ್ಲ ಇದೊಂದೇ ನಿಯಮ.

ಕ್ಯೇರೊ, ಪ್ವೇದೊ ಥರದವು ಹೀಗಾದದ್ದಕ್ಕೆ ಕಾರಣ ಹಳೆಯದು. ಲ್ಯಾಟಿನ್‌ನ ಹ್ರಸ್ವ ಎ ಮತ್ತು ಒ, ಒತ್ತು ಬಿದ್ದ ಕಡೆ ಸ್ಪ್ಯಾನಿಷ್‌ನಲ್ಲಿ ಯೇ, ವೇ ಆದವು. ಕ್ರಿಯಾಪದಗಳಲ್ಲಿ ಮಾತ್ರ ಅಲ್ಲ. ಏಳು ಎಂದರೆ ಸ್ಯೇತೆ, ಎಪ್ಪತ್ತು ಸೆತೇಂತ. ಒಂಬತ್ತು ನ್ವೇಬೆ, ತೊಂಬತ್ತು ನೊಬೇಂತ. ಒತ್ತು ಮುಂದಕ್ಕೆ ಜಾರಿತು, ಹಳೆಯ ಸ್ವರ ಉಳಿಯಿತು. ಸಂಖ್ಯೆಗಳನ್ನು ಕಲಿತಾಗಲೇ ನೀವು ಈ ಪಾಠ ಅರ್ಧ ಕಲಿತಿದ್ದೀರಿ.

ಅರ್ಜೆಂಟೀನಾ, ಉರುಗ್ವೆಯವರ ಮಾತು ಕೇಳಿದರೆ ನಿಯಮ ಇನ್ನೂ ಗಟ್ಟಿಯಾಗುತ್ತದೆ. ಅವರು 'ನೀನು' ಎನ್ನಲು ಬೋಸ್ ಬಳಸುತ್ತಾರೆ, ಒತ್ತು ಕೊನೆಗೆ ಹೋಗುತ್ತದೆ. ಹಾಗಾಗಿ ಕ್ಯೇರೆಸ್ ಅಲ್ಲ ಕೆರೇಸ್, ಪ್ವೇದೆಸ್ ಅಲ್ಲ ಪೊದೇಸ್.

ಯಾವ ಕ್ರಿಯಾಪದ ಈ ಗುಂಪಿಗೆ ಸೇರುತ್ತದೆ ಎಂದು ಮೂಲರೂಪ ನೋಡಿ ಹೇಳಲಾಗದು. ಕೊಮೇರ್‌ನಲ್ಲೂ ಒ ಇದೆ, ಆದರೆ ಬದಲಾಗುವುದಿಲ್ಲ. ಅದಕ್ಕೇ ಹೊಸ ಕ್ರಿಯಾಪದ ಬರೆದುಕೊಳ್ಳುವಾಗ ಮೂಲರೂಪದ ಪಕ್ಕದಲ್ಲೇ 'ನಾನು' ಮತ್ತು 'ನಾವು' ರೂಪ ಬರೆಯಿರಿ: ದೊರ್ಮೀರ್ (ನಿದ್ದೆ ಮಾಡು), ದ್ವೇರ್ಮೊ, ದೊರ್ಮೀಮೊಸ್. ಎಂತೆಂದೇರ್ (ಅರ್ಥಮಾಡಿಕೊಳ್ಳು), ಎಂತ್ಯೇಂದೊ, ಎಂತೆಂದೇಮೊಸ್. ಉಳಿದವನ್ನು ನೀವೇ ಕಟ್ಟಬಹುದು.

ಎಚ್ಚರಿಕೆ: ತೆನೇರ್, ಬೆನೀರ್ (ಬರು) ಈ ಗುಂಪಿನಲ್ಲೂ ಇವೆ, 'ಗೊ' ಗುಂಪಿನಲ್ಲೂ ಇವೆ. 'ನಾನು' ರೂಪದಲ್ಲಿ ಗೊ ಮಾತ್ರ ಬರುತ್ತದೆ: ತೇಂಗೊ, ಬೇಂಗೊ. 'ತ್ಯೇಂಗೊ' ಎಂಬ ಪದ ಇಲ್ಲ. ದೆಸೀರ್ (ಹೇಳು) ಮಾತ್ರ ಎರಡನ್ನೂ ತೆಗೆದುಕೊಳ್ಳುತ್ತದೆ: ದೀಗೊ, ದೀಸೆಸ್, ದೀಸೆ, ದೆಸೀಮೊಸ್, ದೀಸೆನ್.

6. ಒಂದರ ಜಾಗದಲ್ಲಿ ಇನ್ನೊಂದು ಬರುವ ಜೋಡಿಗಳು

ಗೊಂದಲದಲ್ಲಿ ಎರಡು ಬಗೆ. ಒಂದು ಅರ್ಥದ್ದು, ಅದು ಕನ್ನಡದಿಂದಲೇ ಬರುತ್ತದೆ.

'ಕೇಳು' ಎಂಬ ನಮ್ಮ ಪದಕ್ಕೆ ಅಲ್ಲಿ ನಾಲ್ಕು ಪದ. ದಾರಿ ಕೇಳುವುದು, ಪ್ರಶ್ನೆ ಕೇಳುವುದು ಪ್ರೆಗುಂತಾರ್. ನೀರು, ಬಿಲ್, ಸಹಾಯ ಕೇಳುವುದು ಪೆದೀರ್. ಹಾಡು ಕೇಳುವುದು ಎಸ್ಕುಚಾರ್. ಶಬ್ದ ಕಿವಿಗೆ ಬೀಳುವುದು ಒ-ಈರ್: ಓಯ್ಗೊ, ಓಯೆಸ್, ಓಯೆ, ಒ-ಈಮೊಸ್, ಓಯೆನ್. ಹೋಟೆಲಿನಲ್ಲಿ ಕೂತು 'ಪ್ರೆಗೂಂತೊ ಲ ಕ್ವೇಂತ' ಎನ್ನಬೇಡಿ. ಬಿಲ್ ಕೇಳಿ ಪಡೆಯುವ ವಸ್ತು, ಆದ್ದರಿಂದ ಪೀದೊ ಲ ಕ್ವೇಂತ.

'ಗೊತ್ತು' ಎನ್ನುವುದಕ್ಕೆ ಎರಡು. 'ಪರಿಚಯ ಇದೆ' ಅಥವಾ 'ಹೋಗಿ ನೋಡಿದ್ದೇನೆ' ಎಂದು ಬದಲಿಸಿದರೂ ಮಾತು ಸರಿಹೋದರೆ ಕೊನೊಸೇರ್. "ನಿನ್ನ ಅಣ್ಣ ಗೊತ್ತು": ಕೊನೋಸ್ಕೊ ಅ ತು ಎರ್ಮಾನೊ. ವಿಷಯ ಗೊತ್ತಿದ್ದರೆ ಸಬೇರ್. "ನನಗೆ ಈಜು ಬರುತ್ತದೆ" ಎನ್ನಲೂ ಸಬೇರ್: ಸೇ ನದಾರ್. ಇಲ್ಲಿ ಪ್ವೇದೊ ಹಾಕಿದರೆ 'ಈಗ ಈಜಲು ಆಗುತ್ತದೆ' ಎಂಬ ಬೇರೆ ಅರ್ಥ ಬರುತ್ತದೆ.

'ಬೇಕು' ಕೂಡ ಎರಡು. "ಕಾಫಿ ಬೇಕು": ಕ್ಯೇರೊ ಕಫೇ. "ಹೋಗಬೇಕು": ತೇಂಗೊ ಕೆ ಈರ್.

ಬರುವುದು-ಹೋಗುವುದರಲ್ಲಿ ನಮ್ಮವರು ತಪ್ಪುವುದು ಸಹಜ. ಯಾರಾದರೂ ಕರೆದರೆ ನಾವು "ಬಂದೆ, ಬಂದೆ" ಎನ್ನುತ್ತೇವೆ. ಸ್ಪ್ಯಾನಿಷ್‌ನಲ್ಲಿ ಅದು ಯಾ ಬೋಯ್, ಅಂದರೆ ಈರ್. ಬೆನೀರ್ ಏನಿದ್ದರೂ ಮಾತಾಡುವವರು ಈಗ ಇರುವ ಜಾಗಕ್ಕೆ ಬರುವುದು. ತರುವುದಕ್ಕೂ ಇದೇ ಲೆಕ್ಕ. "ನಿಮ್ಮ ಮನೆಗೆ ಸ್ವೀಟ್ ತರ್ತೀನಿ" ಎಂದು ಫೋನಿನಲ್ಲಿ ಹೇಳುವಾಗ ತ್ರಾಯ್ಗೊ ಅಲ್ಲ, ಯೇಬೊ (ಮೂಲರೂಪ ಯೆಬಾರ್).

ಇನ್ನೊಂದು ಬಗೆ ಸದ್ದಿನದು. ಪೆದೀರ್, ಪೆರ್ದೇರ್ (ಕಳೆದುಕೊಳ್ಳು), ಪೊದೇರ್ ಮೂರನ್ನೂ ಒಂದೇ ಪುಟದಲ್ಲಿ ಬರೆಯಿರಿ: ಪೀದೊ, ಪ್ಯೇರ್ದೊ, ಪ್ವೇದೊ. ಹಾಗೆಯೇ ಪೊನೇಮೊಸ್ (ಇಡುತ್ತೇವೆ), ಪೊದೇಮೊಸ್ (ನಮ್ಮಿಂದಾಗುತ್ತದೆ). ಮೊದಲ ವಾರಗಳಲ್ಲಿ ಇವೆರಡು ಅದಲುಬದಲಾಗದವರು ಕಡಿಮೆ.

ಮೆ ಸ್ಯೇಂತೊ ಎಂದರೆ 'ನನಗೆ ಅನಿಸುತ್ತಿದೆ' ಎಂದೂ ಆಗುತ್ತದೆ, 'ಕೂರುತ್ತೇನೆ' ಎಂದೂ ಆಗುತ್ತದೆ. ಸೆಂತೀರ್, ಸೆಂತಾರ್ ಎರಡಕ್ಕೂ 'ನಾನು' ರೂಪ ಒಂದೇ. 'ನೀನು' ರೂಪದಲ್ಲಿ ಬೇರೆಯಾಗುತ್ತವೆ: ತೆ ಸ್ಯೇಂತೆಸ್, ತೆ ಸ್ಯೇಂತಸ್. ಕ್ರೇ-ಒ ಕೂಡ ಹಾಗೇ, ನಂಬುತ್ತೇನೆ ಎಂದೂ ಸೃಷ್ಟಿಸುತ್ತೇನೆ ಎಂದೂ ಅರ್ಥ. ಗಾಬರಿ ಬೇಡ, ಮಾತಿನ ಸಂದರ್ಭ ಯಾವುದೆಂದು ತಿಳಿಸುತ್ತದೆ.

7. ಪ್ರಶ್ನೆ-ಉತ್ತರವಾಗಿ ಅಭ್ಯಾಸ ಮಾಡಿ

ಪಟ್ಟಿಯನ್ನು ಮೇಲಿಂದ ಕೆಳಗೆ ಓದುವುದನ್ನು ನಿಲ್ಲಿಸಿ. ಮಾತಿನಲ್ಲಿ ಯಾರೂ ನಾನು-ನೀನು-ಅವನು ಎಂಬ ಕ್ರಮದಲ್ಲಿ ಕೇಳುವುದಿಲ್ಲ. ಪ್ರಶ್ನೆ 'ನೀನು' ರೂಪದಲ್ಲಿ ಬರುತ್ತದೆ, ಉತ್ತರ 'ನಾನು' ರೂಪದಲ್ಲಿ ಹೋಗುತ್ತದೆ. ಹಾಗೇ ಕಲಿಯಿರಿ.

ತ್ಯೇನೆಸ್? ತೇಂಗೊ.
ಸಾಬೆಸ್? ನೋ ಸೇ.
ಬಾಸ್? ಬೋಯ್.
ಕ್ಯೇರೆಸ್? ಕ್ಯೇರೊ.

ಪ್ರಶ್ನೆಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಪ್ರತಿಯೊಂದರ ನಂತರ ಮೂರು ಸೆಕೆಂಡ್ ಬಿಡಿ. ಆಮೇಲೆ ಕ್ರಮ ಬದಲಿಸಿ ಕೇಳುತ್ತಾ ಜೋರಾಗಿ ಉತ್ತರಿಸಿ. ಎರಡನೇ ವಾರ ಬಹುವಚನಕ್ಕೆ ಬನ್ನಿ: ಪ್ವೇದೆನ್? ಪೊದೇಮೊಸ್. ಬ್ಯೇನೆನ್? ಬೆನೀಮೊಸ್. ನಾಲ್ಕನೇ ಹಂತದ ಗೋಳು ಪೂರ್ತಿ ಇರುವುದು 'ನಾನು' ರೂಪದಲ್ಲಿ, ಐದನೇ ಹಂತದ್ದು 'ನಾವು' ರೂಪದಲ್ಲಿ. ಈ ಎರಡು ಸುತ್ತಿನಲ್ಲಿ ಎರಡೂ ಪಳಗುತ್ತವೆ.

ದಿನಕ್ಕೆ ಮೂರಕ್ಕಿಂತ ಹೆಚ್ಚು ಹೊಸ ಕ್ರಿಯಾಪದ ಬೇಡ. ಒಂದೇ ಥರ ಕೇಳಿಸುವವನ್ನು ಒಂದೇ ದಿನ ಕಲಿಯಬೇಡಿ. ಪೀದೊ ಪಳಗಿದ ಮೇಲೆ ಪ್ಯೇರ್ದೊ ತೆಗೆದುಕೊಳ್ಳಿ. ಎರಡೂ ಬಂದ ಮೇಲೆ ಪಕ್ಕಪಕ್ಕ ಇಟ್ಟು ಹೋಲಿಸಿ. ನವದೆಹಲಿಯಲ್ಲೂ ಕೇಂದ್ರ ಇರುವ ಇನ್ಸ್ತಿತೂತೊ ಸೆರ್ಬಾಂತೆಸ್ ಎಂಬ ಸ್ಪ್ಯಾನಿಷ್ ಭಾಷಾ ಸಂಸ್ಥೆಯ ದೇಲೆ ಎಂಬ ಸ್ಪ್ಯಾನಿಷ್ ಪ್ರಾವೀಣ್ಯ ಪರೀಕ್ಷೆಯ ಮೊದಲ ಮಟ್ಟ, ಅಂದರೆ ಎ-1 ಬರೆಯುವವರಿಗೂ ವರ್ತಮಾನಕಾಲವೇ ಮುಖ್ಯ. ಇಲ್ಲಿರುವ ಕ್ರಿಯಾಪದಗಳಲ್ಲಿ ಹೆಚ್ಚಿನವು ಅಲ್ಲಿ ಬೇಕಾಗುತ್ತವೆ.

ಭೂತಕಾಲಕ್ಕೆ ಕೈ ಹಾಕುವ ಮೊದಲು ಈ ಆರು ವಾಕ್ಯಗಳನ್ನು ಕಾಗದ ನೋಡದೆ ಹೇಳಿ. ಎಲ್ಲಿ ತಡವರಿಸುತ್ತೀರೋ ಆ ಹಂತಕ್ಕೆ ವಾಪಸ್ ಹೋಗಿ.

"ನನಗೆ ಹಸಿವಾಗಿದೆ." "ಬ್ಯಾಂಕ್ ಎಲ್ಲಿದೆ?" "ಇಲ್ಲಿ ಹತ್ತಿರದಲ್ಲಿ ಬ್ಯಾಂಕ್ ಇದೆಯಾ?" "ಅವಳು ನಮಗೆ ಗೊತ್ತು." "ನಾವು ನಿದ್ದೆ ಮಾಡುತ್ತೇವೆ, ಅವರು ಮಾಡುವುದಿಲ್ಲ." "ಬಂದೆ, ಬಂದೆ!"

ಉತ್ತರಗಳು ಇದೇ ಕ್ರಮದಲ್ಲಿ: ತೇಂಗೊ ಆಂಬ್ರೆ. ದೋಂದೆ ಎಸ್ತಾ ಎಲ್ ಬಾಂಕೊ? ಆಯ್ ಉನ್ ಬಾಂಕೊ ಪೊರ್ ಅಕೀ? ಲ ಕೊನೊಸೇಮೊಸ್. ನೊಸೋತ್ರೊಸ್ ದೊರ್ಮೀಮೊಸ್, ಏಯೊಸ್ ನೋ ದ್ವೇರ್ಮೆನ್. ಯಾ ಬೋಯ್!